ಎಂದರೆ ಸರಿಯಲ್ಲ

"ಕೋರ್ಟಿನ್ಯಾಗ ನಗುವಂಥಾದ್ದು ಏನ್ರಿ ಇರತೈತಿ?" ಅಂತ ಮಂದಿ ಕೇಳತಾರ. ದಿನಾ ಇರತೈತ್ರಿ. ಇಪ್ಪತ್ತೇಳು ವರ್ಷದಿಂದ ನೋಡಾಕತ್ತೇನಿ, ಮಳಿ ತಪ್ಪಿದ್ರೂ ಇದು ತಪ್ಪಿಲ್ಲ. ತೊಂದರಿ ಏನಂದ್ರ, ಅಲ್ಲೆ ನಗಾಕ ಪರವಾನಗಿ ಇಲ್ಲ. ಬಂದ ನಗಿ ತಡಕೊಂಡು, ಊಟದ ಡಬ್ಬಿ ಜೋಡಿ ಕೇಶ್ವಾಪುರದ ಮನಿತನಕ ಹೊತ್ಕೊಂಡು ಬಂದು, ಬಾಗಲಾ ಹಾಕ್ಕೊಂಡು ನಗಬೇಕು.

ನಾ ಹುಬ್ಬಳ್ಳಿ ಕೋರ್ಟಿನ್ಯಾಗ ಟೈಪಿಸ್ಟ್. ಸಾಕ್ಷಿ ಹೇಳಿದ್ದನ್ನ ಟೈಪ್ ಮಾಡಾಂವ. ಜಡ್ಜ್ ಸಾಹೇಬರ ಪೀಠದ ಕೆಳಗ, ಸಾಕ್ಷಿ ಕಟಕಟಿಗೆ ಕೈ ಚಾಚಿದ್ರ ಮುಟ್ಟೂವಷ್ಟು ಹತ್ರ ನನ್ನ ಕುರ್ಚಿ. ವಕೀಲರು ಕೇಳತಾರ, ಸಾಕ್ಷಿ ನಮ್ಮ ಊರ ಮಾತಿನ್ಯಾಗ ಹೇಳತಾನ, ಸಾಹೇಬರು ಅದನ್ನ ಕೋರ್ಟಿನ ಕನ್ನಡ ಮಾಡಿ ನನಗ ಹೇಳಿಕೊಡತಾರ, ನಾ ಹೊಡೀತೇನಿ. ನನ್ನ ಬೆರಳಿಗೆ ಕೆಲಸ, ಬಾಯಿಗೆ ಇಲ್ಲ. ಇಷ್ಟು ವರ್ಷದಾಗ ಕೋರ್ಟ್ ನಡದಾಗ ನಾ ಒಂದು ಸೀನು ಸೀನಿದ್ರ ಹೆಚ್ಚು.

ಮೊದಲ, ಸಂಜಿಗೆ ಮನಿಗೆ ಬಂದಕೂಡಲೇ ನಮ್ಮಾಕಿ ಕೇಳೂದು ಒಂದ ಮಾತು: "ಇವತ್ತ ಏನಾತ್ರಿ?" ಕೈಕಾಲು ತೊಳಕೊಳ್ಳೂದರಾಗ ನಂದು ಶುರು ಆಗತಿತ್ತು. ಆಕಿ ಸೆರಗು ಬಾಯಿಗೆ ಹಚ್ಕೊಂಡು ನಗತಿದ್ಲು. ಆಕಿ ಹೋಗಿ ನಾಲ್ಕು ವರ್ಷ ಆತು. ಮಕ್ಕಳಿಲ್ಲ ನಮಗ. ಪ್ರಸಂಗ ಏನ್ ನಿಂತಿಲ್ಲ, ದಿನಾ ಆಗಾಕತ್ತಾವು. ಕೇಳೋರಿಲ್ಲ, ಅಷ್ಟ. ಅದಕ್ಕ ಈಗ ನಿಮ್ಮ ಮುಂದ ಹೇಳಾಕತ್ತೇನಿ. ನಡಕ ಎದ್ದು ಹೋಗಬ್ಯಾಡ್ರಿ ಮತ್ತ.

ಸಾರಿನ ಉಪ್ಪು

ಪಾಟೀಸವಾಲು ಅಂತ ಇರತೈತಿ. ಒಂದು ಕಡಿ ಸಾಕ್ಷಿಗೆ ಎದುರಿನ ವಕೀಲರು ಅಡ್ಡಪ್ರಶ್ನಿ ಕೇಳೂದು. ಎಂಥಾ ವಕೀಲರಿರಲಿ, ಎಂಥಾ ಕೇಸಿರಲಿ, ಕಡೀಕ ಒಂದು ಮಾತು ಕೇಳಾಕ ಬೇಕು: "ನೀವು ಸುಳ್ಳು ಸಾಕ್ಷಿ ಹೇಳಾಕತ್ತೀರಿ." ಸಾಕ್ಷಿ "ಇಲ್ರಿ" ಅನ್ನಾಕ ಬೇಕು. ಅದನ್ನ ನಾವು ಹಿಂಗ ಬರೀತೇವಿ: "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಊಟಕ್ಕ ಏಳ್ರಿ ಅಂದ್ರ "ಈಗರ ಆತ್ರಿ" ಅಂತೀವಲ್ಲ, ಹಂಗ ಇದು. ಕೇಳಾಂವನೂ ನಂಬಿ ಕೇಳಂಗಿಲ್ಲ, ಹೇಳಾಂವನೂ ವಿಚಾರ ಮಾಡಿ ಹೇಳಂಗಿಲ್ಲ. "ಹೌದು" ಅಂದ ಸಾಕ್ಷೀನ ನಾ ಕಂಡಿರಲಿಲ್ಲ.

ದಿನಾ ಇದನ್ನ ಹೊಡದು ಹೊಡದು ಬ್ಯಾಸರ ಬಂತು. ಕಂಪ್ಯೂಟರ್ ಬಂದಮ್ಯಾಲ ಒಂದು ಗುಂಡಿಗೆ ಅದರ ಕಡೀ ಎರಡು ಶಬ್ದ ಜೋಡಿಸಿ ಇಟಗೊಂಡೆ. ಎಫ್ ನೈನ್ ಒತ್ತಿದ್ರ "ಎಂದರೆ ಸರಿಯಲ್ಲ" ಅಂತ ಟಪ್ಪನ ಬೀಳತೈತಿ. ಛಲೋ ಆತು. ಆದ್ರ ಆ ಗುಂಡಿ ನನ್ನ ಬಾಯಾಗೂ ಕುಂತುಬಿಟ್ಟಿತು.

ಒಂದಿನ ಊಟಕ್ಕ ಕುಂತಾಗ ನಮ್ಮಾಕಿ ಕೇಳಿದ್ಲು, "ಸಾರಿಗೆ ಉಪ್ಪು ಹೆಚ್ಚಾಗೇತೇನ್ರಿ?"

ನಾ ಅಂದೆ, "ಹೆಚ್ಚಾಗಿದೆ ಎಂದರೆ ಸರಿಯಲ್ಲ."

ಆಕಿ ಸೌಟು ಹಿಡಕೊಂಡು ಹಂಗ ನಿಂತ್ಲು. "ಹಂಗಾರ ಕಡಿಮಿ ಆಗೇತೇನು?"

"ಕಡಿಮೆ ಆಗಿದೆ ಎಂದರೆ ಸರಿಯಲ್ಲ."

"ಅಯ್ಯ ಶಿವನ! ಇದು ಮನಿ ಐತ್ರಿ, ನಿಮ್ಮ ಕೋರ್ಟಲ್ಲ. ಖರೇ ಏನು, ಅದನ್ನ ಹೇಳ್ರಿ!"

ಖರೇ ಹೇಳಬೇಕಂದ್ರ ಉಪ್ಪು ಭಾಳ ಹೆಚ್ಚಾಗಿತ್ತು. ಸೌಟು ನೋಡಿ ನನಗ ಧೈರ್ಯ ಸಾಲಲಿಲ್ಲ. ಎರಡು ತಂಬಿಗಿ ನೀರು ಕುಡದು ಮಲಕೊಂಡೆ.

ಇಬ್ಬರಿಗೂ ಗೋಣು

ನಮ್ಮ ಈಗಿನ ಸಾಹೇಬರು ಮೈಸೂರು ಕಡಿಯವರು. ಕೆಟ್ಟವರು ಅಂದ್ರ ನನ್ನ ನಾಲಗಿ ಬಿದ್ದುಹೋದೀತು. ಆದ್ರ ಅವರ ಮುಂದ ಕೇಸಿನ ಕಟ್ಟು ಮಾರಿ ಮುಚ್ಚೂವಷ್ಟು. ಈ ಕೇಸಿನ ಸಾಕ್ಷಿ ನಡದಾಗ ಆ ಕೇಸಿನ ಕಾಗದ ಓದತಿರತಾರ, ಮತ್ತೊಂದರ ವಾರಂಟಿಗೆ ಸಹಿ ಹಾಕತಿರತಾರ. ಬರಬರತ ನನಗ ಹೇಳಿಕೊಡೂದೂ ನಿಂತಿತು. ತಲಿ ಎತ್ತದ "ಹೂಂ, ಹಾಕ್ಕೊಳ್ಳಿ" ಅಂತಿದ್ರು. ನಾ ಹಾಕ್ಕೋತಿದ್ದೆ.

ಮಧ್ಯಾಹ್ನ ಊಟ ಆದಮ್ಯಾಲ ಅದೂ ಇಲ್ಲ. ಪೆನ್ನು ಕೈಯಾಗ ಇರತಿತ್ತು, ಕಣ್ಣು ಅರ್ಧ ತೆರದಿರತಿತ್ತು, ಗೋಣು ಮಾತ್ರ ಮೆಲ್ಲಕ ಮ್ಯಾಲ ಕೆಳಗ ಆಡತಿತ್ತು. ಗೊತ್ತಿದ್ದವರಿಗೆ ಅದು ನಿದ್ದಿ. ಗೊತ್ತಿಲ್ಲದವರಿಗೆ ಒಪ್ಪಿಗಿ.

ಒಂದಿನ ಮೂರು ಗಂಟೇಕ ಜಾಮೀನಿನ ವಾದ ಇತ್ತು. ಆರೋಪಿ ಕಡಿ ವಕೀಲರು ಅರ್ಧ ತಾಸು ಮಾತಾಡಿದ್ರು. ಒಂದೊಂದು ಮಾತಿಗೂ ಸಾಹೇಬರು ಗೋಣು ಹಾಕಿದ್ರು. ವಕೀಲರು ಹಿಗ್ಗಿ ಹೀರೇಕಾಯಿ ಆಗಿ ಕುಂತ್ರು. ಸರ್ಕಾರಿ ವಕೀಲರು ಎದ್ದು ಪೂರಾ ಉಲ್ಟಾ ಮಾತಾಡಿದ್ರು. ಅದಕ್ಕೂ ಗೋಣು, ಇನ್ನೂ ಜೋರು. ಇಬ್ಬರೂ ಹೊರಗ ಹೋಗಿ ತಂತಮ್ಮ ಮಂದಿಗೆ "ಕೆಲಸ ಆದಂಗ ತಿಳಕೋರಿ" ಅಂತ ಹೇಳಿದ್ದನ್ನ ನಾ ಕಿವಿಯಾರ ಕೇಳಿದೆ.

ಆದೇಶದ ದಿನ ಬಂತು. ಇಬ್ಬರೂ ಇಸ್ತ್ರಿ ಮಾಡಿದ ಕೋಟ್ ಹಾಕ್ಕೊಂಡು ಬಂದು ಮುಂದ ನಿಂತ್ರು. ಸಾಹೇಬರು ಫೈಲ್ ತಗದು, ಹಿಂದ ಮುಂದ ಹಾಳಿ ತಿರುವಿ, ಭಾಳ ಪ್ರೀತಿಯಿಂದ ಕೇಳಿದ್ರು, "ಇದರಲ್ಲಿ ವಾದ ಯಾವತ್ತು ಮಾಡ್ತೀರಿ?"

ಮೂರು ಸರ್ತಿ ಕೂಗು

ಹಿಂಗ ನಡದಾಗ ಒಬ್ಬ ಹಮಾಲನ ಕೇಸು ಬಂತು. ಅಮರಗೋಳದ ಮಾರ್ಕೆಟ್ ಯಾರ್ಡಿನ್ಯಾಗ ಉಳ್ಳಾಗಡ್ಡಿ ಚೀಲ ಹೊರಾಂವ. ಯಾರ್ಡಿನ್ಯಾಗ ಗದ್ದಲ ಆಗಿ ಒಬ್ಬ ದಲಾಲಿಗೆ ಹಿಂದಿನಿಂದ ಯಾರೋ ಕೊಕ್ಕಿ ಚುಚ್ಚಿದ್ರು. ಹಮಾಲರು ಚೀಲ ಎತ್ತೂ ಕಬ್ಬಿಣದ ಕೊಕ್ಕಿ ಇರತೈತಲ್ಲ, ಅದು. ದಲಾಲಿ ಬದುಕಿದ, ಚುಚ್ಚಿದವನ ಮಾರಿ ಮಾತ್ರ ನೋಡಿರಲಿಲ್ಲ. ಈ ಹಮಾಲನ್ನ ಹಿಡದು, ಕೊಲಿ ಮಾಡಾಕ ಹೋಗಿದ್ದ ಅಂತ ಕೇಸು ಹಾಕಿದ್ರು. ಸಾಬೀತಾದ್ರ ಹತ್ತು ವರ್ಷ ಒಳಗ ಹೋಗೂ ಮಾತು. ಕಣ್ಣಾರೆ ನೋಡಿದವರು ಅಂತ ಇದ್ದಾಕಿ ಒಬ್ಬಾಕಿ, ಯಾರ್ಡಿನ್ಯಾಗ ಚಹಾ ಮಾರೂ ಮುದುಕಿ.

ಹಮಾಲಗ ಹಿಂದಿಲ್ಲ ಮುಂದಿಲ್ಲ. ಜಾಮೀನಿಗೆ ನಿಲ್ಲೋರು ಒಬ್ಬರೂ ಸಿಗಲಿಲ್ಲ. ವರ್ಷದ ಮ್ಯಾಲಾತು, ಜೇಲಿನ್ಯಾಗ ಇದ್ದ. ತಾರೀಖಿಗೊಮ್ಮೆ ಪೊಲೀಸಪ್ಪ ಕರಕೊಂಡು ಬರತಿದ್ದ, ಸಂಜೀಕ ಕರಕೊಂಡು ಹೋಗತಿದ್ದ. ಇಡೀ ದಿನ ಮಂದಿ ನಡುವ ಇದ್ದು, ಯಾರ ಜೋಡೀನೂ ಮಾತಿಲ್ಲದ ತಿರುಗಿ ಹೋಗಾಂವ ಆ ಹಾಲಿನ್ಯಾಗ ನಾ ಒಬ್ಬನ ಅಂತ ತಿಳಕೊಂಡಿದ್ದೆ. ನನಗ ಜೊತಿ ಸಿಕ್ಕಿದ್ದ.

ಅವತ್ತ ಸಾಹೇಬರಿಗೆ ಜೋಂಪು ಹತ್ತಿತ್ತು. ಪೀಠದ ಮ್ಯಾಲಿದ್ದವರಿಗೆ "ಏಳ್ರಿ" ಅಂತ ಯಾರು ಅನ್ನಬೇಕು? ಅದಕ್ಕ ನಮ್ಮಲ್ಲೆ ಒಂದು ಉಪಾಯ ಐತಿ. ಜವಾನ ಬಾಗಲದಾಗ ನಿಂತು ಮುಂದಿನ ಕೇಸಿನವರ ಹೆಸರು ಮೂರು ಸರ್ತಿ ಕೂಗತಾನ. ಅದು ನಿಯಮಾನೂ ಹೌದು, ಅಲಾರಾಮೂ ಹೌದು. ಹಮಾಲ ಕಟಕಟ್ಯಾಗ ನಿಂತಿದ್ದ. ಜವಾನ ಅಂವನ ಮಾರಿ ನೋಡ್ಕೋತನ ಅಂವನ ಹೆಸರು ಕೂಗಿದ.

"ಅದೀನ್ರಿ," ಅಂದ ಹಮಾಲ.

ಎರಡನೇ ಸರ್ತಿ ಕೂಗಿದ.

"ಇಲ್ಲೇ ಅದೀನಲ್ಲೋ ಯಪ್ಪಾ!"

ಮೂರನೇ ಸರ್ತಿ ಗ್ವಾಡಿ ಅದರೂವಂಗ ಕೂಗಿದ. ಸಾಹೇಬರಿಗೆ ಗಕ್ಕನ ಎಚ್ಚರ ಆತು. ಮೂರು ಸರ್ತಿ ಕೂಗಿದ್ದು ಕಿವಿಗೆ ಬಿದ್ದಿತ್ತು. ಮೂರು ಸರ್ತಿ ಕೂಗಿದ್ರ ಬಂದಿಲ್ಲ ಅಂತನ ಲೆಕ್ಕ. "ಆರೋಪಿ ಗೈರುಹಾಜರು, ವಾರಂಟ್ ಹೊರಡಿಸಿ," ಅಂದ್ರು.

ಪೊಲೀಸಪ್ಪ ಗಾಬರಿ ಆಗಿ ಸೆಲ್ಯೂಟ್ ಹೊಡದ. "ಸಾಹೇಬ್ರ, ನಾನ ಜೇಲಿನಿಂದ ಕರಕೊಂಡು ಬಂದೇನ್ರಿ. ಇಲ್ಲೇ ಅದಾನ್ರಿ, ಕೈ ಹಿಡಕೊಂಡೇನ್ರಿ." ಸಾಹೇಬರು ಕನ್ನಡಕ ಸರಿ ಮಾಡ್ಕೊಂಡು ನೋಡಿ, "ಓ, ಸರಿ ಸರಿ," ಅಂತ ಮುಂದಿನ ತಾರೀಖು ಕೊಟ್ರು.

ಹೋಗೂ ಮುಂದ ಹಮಾಲ ನನ್ನ ಟೇಬಲ್ ಕಡೆ ಬಗ್ಗಿ, ಮೆಲ್ಲಕ ಕೇಳಿದ, "ಅಣ್ಣಾರ, ಆ ವಾರಂಟ್ ಖರೇನ ಆಗಿದ್ರ, ನನ್ನ ಜೇಲಿನ್ಯಾಗಿಂದ ಹಿಡಕೊಂಡು ಬಂದು ಜೇಲಿಗೆ ಹಾಕತಿದ್ರೇನ್ರಿ?"

ಬದನೀಕಾಯಿ

ಮುಂದಿನ ತಾರೀಖಿಗೆ ಪಂಚನ ಸಾಕ್ಷಿ. ಪೊಲೀಸರು ವಸ್ತು ಜಪ್ತಿ ಮಾಡೂ ಮುಂದ ಪಕ್ಕಕ್ಕ ನಿಂತು ಸಹಿ ಹಾಕಿದಾಂವ ಪಂಚ. ಕೊಕ್ಕಿ ಇದ್ದ ಗಂಟು ತಂದ್ರು, ಬಟ್ಟಿ ಹೊಲದು ಅರಗಿನ ಸೀಲು ಹಾಕಿದ್ದು. ಬಿಚ್ಚಿದ್ರ ಒಳಗ ಈಳಗಿ! ಕಾಯಿಪಲ್ಯ ಹೆಚ್ಚೂ ಈಳಗಿ, ಮಣಿ ಸಮೇತ.

ಸರ್ಕಾರಿ ವಕೀಲರು ಫೈಲಿನ್ಯಾಗ ಮಾರಿ ಇಟಗೊಂಡು ಕೇಳಿದ್ರು, "ಇದನ್ನ ನಿಮ್ಮ ಮುಂದ ಜಪ್ತಿ ಮಾಡಿದ್ರು, ಹೌದಲ್ಲೋ?"

ಪಂಚ ಅಂದ, "ಹೌದ್ರಿ, ಇದನ್ನರಿ."

"ಗುರುತು ಹಿಡೀತೀರಿ?"

"ಕಣ್ಣು ಕಟ್ಟಿದ್ರೂ ಹಿಡೀತೇನ್ರಿ."

"ಹೂಂ, ಹಾಕ್ಕೊಳ್ಳಿ," ಅಂದ್ರು ಸಾಹೇಬರು, ಇನ್ನೊಂದು ಫೈಲಿನ್ಯಾಗಿಂದ.

ಈಳಗಿ ನನ್ನ ಕಣ್ಣ ಮುಂದ ಇತ್ತು. ಆದ್ರೂ ನಾ "ಕಬ್ಬಿಣದ ಕೊಕ್ಕೆಯನ್ನು ಗುರುತಿಸುತ್ತೇನೆ" ಅಂತನ ಹೊಡದೆ. ಹಾಕ್ಕೊಳ್ಳಿ ಅಂದ್ರು, ಹಾಕ್ಕೊಂಡೆ. ಇವತ್ತಿಗೂ ಅದನ್ನ ನೆನಸಿದ್ರ ನನಗ ನಾಚಿಕಿ ಆಗತೈತಿ. ಹಮಾಲ ಒಬ್ಬನ ಕೈ ಎತ್ತಿದ. "ಸಾಹೇಬ್ರ, ನಾ ಚೀಲ ಎತ್ತಾಂವರಿ. ಬದನೀಕಾಯಿ ಹೆಚ್ಚಾಂವ ಅಲ್ರಿ." ಜವಾನ "ಏ, ಸುಮ್ನಿರು" ಅಂದ.

ಮರುದಿನ ಗಂಟು ಅದಲುಬದಲಾಗಿದ್ದು ಗೊತ್ತಾಗಿ ಎಲ್ಲಾ ಸರಿ ಮಾಡಿದ್ರು. ಆ ಈಳಗಿ ಬಾಜೂ ಕೋರ್ಟಿನ ಕೇಸಿಂದು. ಅತ್ತಿ ಸೊಸೀಗೆ ಈಳಗಿ ತೋರಿಸಿ ಹೆದರಿಸಿದ್ಲಂತ. ಹಂಗಾರ ನಮ್ಮ ಕೊಕ್ಕಿ ಅವತ್ತ ಎಲ್ಲಿತ್ತು ಅಂತ ಕೇಳಿದೆ. ಬಾಜೂ ಕೋರ್ಟಿನ್ಯಾಗ ಇತ್ತಂತ. ಅಲ್ಲಿ ಪಂಚನೂ ಅದನ್ನ ನೋಡಿ, "ಹೌದ್ರಿ, ಇದ ಈಳಗಿರಿ" ಅಂದಿದ್ದನಂತ.

ಚಹಾದವ್ವ

ಈಗ ಹೇಳೂದು ಎಲ್ಲಾದಕ್ಕಿಂತ ನಗಿ ಬರೂದು. ನನಗ ಮಾತ್ರ ಅವತ್ತ ಕಡೀ ಗಳಿಗಿತನಕ ನಗಿ ಬರಲಿಲ್ಲ.

ನಮ್ಮಾಕಿ ಹೋದಮ್ಯಾಲ ನನಗ ಒಂದು ಚಟ ಹತ್ತಿತ್ತು, ಮಾತಾಡೋರ ಮಾರಿ ನೋಡೂದು. ಟೈಪ್ ಮಾಡಾಕ ನಾ ಕೀಲಿಮಣಿ ನೋಡೂ ಗರಜಿಲ್ಲ, ಬೆರಳು ತಾವ ಓಡತಾವು. ಮನ್ಯಾಗ ನೋಡಾಕ ಮಾರಿ ಇಲ್ಲ. ಖಾನಾವಳ್ಯಾಗ ಯಾರನ್ನರ ಹಂಗ ನೋಡಿದ್ರ "ಏನ್ರೀ?" ಅಂತ ಜಗಳಕ್ಕ ಬರತಾರ. ಕೋರ್ಟಿನ್ಯಾಗ ಎಷ್ಟು ನೋಡಿದ್ರೂ ಕೇಳೋರಿಲ್ಲ. ಸಾಕ್ಷಿ ಬಂದು ಕಟಕಟ್ಯಾಗ ನಿಂತ್ರ, ಅವರು ನನ್ನ ಜೋಡೀನ ಮಾತಾಡಾಕತ್ತಾರ ಅಂತ ಅನಕೊಂಡು ಕುಂತುಬಿಡತಿದ್ದೆ. ಹುಚ್ಚು ಅನ್ರಿ ಬೇಕಾರ.

ಚಹಾದವ್ವ ಬಂದ್ಲು. ಎಪ್ಪತ್ತರ ಮ್ಯಾಲ ವಯಸ್ಸು, ದೊಡ್ಡ ಕುಂಕುಮ, ಕೈಯಾಗ ಒಂದು ಚೀಲ. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲಾ "ಹ್ಞೂಂರಿ, ಹ್ಞೂಂರಿ" ಅಂದ್ಲು. ಹಮಾಲ ಚುಚ್ಚಿದ್ದನ್ನ ನೋಡೀರಿ? ಹ್ಞೂಂರಿ. ಇಂವನ ಅಲ್ಲೇನು? ಹ್ಞೂಂರಿ. ಆರೋಪಿ ಕಟಕಟ್ಯಾಗ ಹಮಾಲ ಕಣ್ಣು ಮುಚ್ಚಿದ.

ಪಾಟೀಸವಾಲಿಗೆ, ಹಮಾಲನ ಪರವಾಗಿ ಸರ್ಕಾರ ಕೊಟ್ಟ ವಕೀಲರು ಎದ್ರು. ಪಾಪ, ಅವರಿಗೆ ಅವತ್ತ ಮೂರು ಕೋರ್ಟಿನ್ಯಾಗ ಕೇಸು. ಲಗೂಲಗೂ ನಾಲ್ಕು ಪ್ರಶ್ನಿ ಕೇಳಿ, ಬ್ಯಾಗಿನ ಚೈನ್ ಎಳಕೋತ, ಬಾಗಲಾ ನೋಡ್ಕೋತ ಕಡೀ ಮಾತು ಅಂದ್ರು: "ನೀವು ಏನೂ ನೋಡಿಲ್ಲ, ಸುಳ್ಳು ಸಾಕ್ಷಿ ಹೇಳಾಕತ್ತೀರಿ."

ಅವ್ವ ಸುತ್ತೂಕಡೆ ನೋಡಿದ್ಲು. ಸರ್ಕಾರಿ ವಕೀಲರು ಟೇಬಲ್ ಕೆಳಗ ಮೊಬೈಲ್ ನೋಡಾಕತ್ತಿದ್ರು. ಸಾಹೇಬರು ಸಹಿ ಹಾಕಾಕತ್ತಿದ್ರು. ಪ್ರಶ್ನಿ ಕೇಳಿದವರು ಆಗಲೇ ಬೆನ್ನು ಹಾಕಿದ್ರು. ಕಡೀಕ ಆಕಿ ಕಣ್ಣು ನನ್ನ ಮ್ಯಾಲ ಬಂದು ನಿಂತವು.

"ಹೌದು ತಮ್ಮಾ," ಅಂದ್ಲು, ಮೆಲ್ಲಕ. "ಸುಳ್ಳ ಅದು."

"ಹೂಂ, ಹಾಕ್ಕೊಳ್ಳಿ," ಅಂದ್ರು ಸಾಹೇಬರು.

ನನ್ನ ಬೆರಳು ನನ್ನನ್ನ ಕೇಳಲಿಲ್ಲರಿ. ದಿನದ ಸಾಲು ಹೊಡದು ಎಫ್ ನೈನ್ ಒತ್ತಿಬಿಟ್ಟಿತ್ತು. ಪರದೆ ಮ್ಯಾಲ ಬಿದ್ದಿತ್ತು: "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಹಮಾಲ ಕಣ್ಣು ತೆರದು ನನ್ನ ನೋಡಾಕತ್ತಿದ್ದ. ಅಂವನೂ ಕೇಳಿದ್ದ. ಆದ್ರ ಎದುರಿಗೆ ನಿಂತು "ಅದೀನ್ರಿ" ಅಂದ್ರೂ ಗೈರುಹಾಜರ ಆದಾಂವ ಅಂವ, ಅಂವನ ಮಾತು ಯಾರು ಕೇಳಬೇಕು?

ಸುಮ್ಮನ ಇದ್ರ ಯಾರಿಗೂ ಗೊತ್ತಾಗತಿರಲಿಲ್ಲ. ಟೈಪಿಸ್ಟ್ ಬಾಯಿ ಹಾಕಿದ್ರ ನೌಕರಿಗೆ ಕುತ್ತು, ರಿಟೈರಿಗೆ ಮೂರು ವರ್ಷ ಉಳದಿತ್ತು. ಇದನ್ನೆಲ್ಲಾ ಲೆಕ್ಕ ಹಾಕಿದೆ, ಸುಳ್ಳ್ಯಾಕ ಹೇಳಲಿ. ಅಷ್ಟರಾಗ ಸೌಟು ಹಿಡಕೊಂಡು ನಿಂತಾಕಿ ನೆನಪಾದ್ಲು. ಖರೇ ಏನು, ಅದನ್ನ ಹೇಳ್ರಿ.

ಎದ್ದೆ. ಎದ್ದ ಹೊಡತಕ್ಕ ಕುರ್ಚಿ ಹಿಂದಕ್ಕ ಬಿತ್ತು. "ಸಾಹೇಬ್ರ, ಅವ್ವ ಹೌದು ಅಂದ್ಲರಿ!"

ಸಾಹೇಬರು ತಲಿ ಎತ್ತಿದ್ರು. ಬಾಗಲಾ ನೋಡಿದ್ರು, ವಕೀಲರನ್ನ ನೋಡಿದ್ರು, ಮ್ಯಾಲ ಫ್ಯಾನ್ ನೋಡಿದ್ರು. "ಯಾರು ಮಾತಾಡಿದ್ದು?" ಅಂದ್ರು. ಅವರು ಬಂದಾಗಿಂದ ಎರಡು ವರ್ಷ ಅವರ ಕಾಲ ಕೆಳಗ ಕುಂತಿದ್ದೆ, ನನ್ನ ದನಿ ಅವರಿಗೆ ಗೊತ್ತಿರಲಿಲ್ಲ.

"ನಾನ್ರಿ. ಕೆಳಗ್ರಿ."

ಸರ್ಕಾರಿ ವಕೀಲರು ಮೊಬೈಲ್ ಕಿಸೆದಾಗ ಹಾಕ್ಕೊಂಡು ಜಿಗದು ಎದ್ರು. "ಟೈಪಿಸ್ಟ್ ಸಾಕ್ಷಿ ಹೇಳಾಕ ಬರಂಗಿಲ್ರಿ!" ಸಾಹೇಬರು ಕೈ ಮಾಡಿ ಕೂಡಿಸಿದ್ರು. ಆಮ್ಯಾಲ ಅವರು ಮಾಡಿದ್ದನ್ನ ನಾ ಎರಡು ವರ್ಷದಾಗ ಕಂಡಿರಲಿಲ್ಲ. ಮುಂದಿದ್ದ ಬ್ಯಾರೆ ಫೈಲೆಲ್ಲಾ ಮುಚ್ಚಿ ಪಕ್ಕಕ್ಕ ಸರಿಸಿ, ಪೆನ್ನಿಗೆ ಟೊಪಗಿ ಹಾಕಿ, ಅವ್ವನ ಕಡೆ ತಿರುಗಿ ಕುಂತ್ರು.

"ಅಮ್ಮಾ, ಈಗ ನೀವು ಏನಂದ್ರಿ? ನಿಧಾನವಾಗಿ ಹೇಳಿ."

"ಹೇಳಿದ್ನಲ್ರಿ ಯಪ್ಪಾ. ಸುಳ್ಳರಿ. ನಾ ಒಲಿ ಮುಂದ ಕುಂತಿದ್ದೆ, ಜಗಳದ ಕಡೆ ನನ್ನ ಬೆನ್ನಿತ್ತು. ಇಂವನ ಇರಬೇಕು ಅಂತ ಎಲ್ಲಾರೂ ಅಂದ್ರು, ನಾನೂ ಹ್ಞೂಂ ಅಂದೆ. ಹೆಬ್ಬಟ್ಟು ಒತ್ತಿಸ್ಕೊಂಡ್ರು. ಈಗ ಈ ಹುಡುಗನ ಮಾರಿ ನೋಡಿ ಹೊಟ್ಟಿ ಉರೀತ್ರಿ."

"ಮತ್ತೆ ಇದನ್ನ ಜೋರಾಗಿ, ನನಗೆ ಕೇಳೋ ಹಾಗೆ ಹೇಳಬಾರದಿತ್ತೇ?"

ಅವ್ವ ನನ್ನ ಕಡೆ ಬೆರಳು ಮಾಡಿದ್ಲು. "ನಿಮಗೆಲ್ಲಾ ಕೆಲಸ ಐತಲ್ರಿ. ಇಷ್ಟು ಮಂದ್ಯಾಗ ನನ್ನ ಮಾರಿ ನೋಡಾಕತ್ತಿದ್ದಾಂವ ಈ ತಮ್ಮ ಒಬ್ಬನರಿ. ಇಂವನ ಜಡ್ಜ್ ಅಂತ ತಿಳಕೊಂಡು ಇಂವಗ ಹೇಳಿದೆ."

ಸಾಹೇಬರ ಮಾರಿ ಕೆಂಪಗಾತು, ನನ್ನ ಮಾರೀನೂ ಆಗಿರಬೇಕು. ಅವರು ನನ್ನ ಹೆಸರು ಕೇಳಿದ್ರು, ಎರಡು ವರ್ಷದಾಗ ಮೊದಲನೇ ಸರ್ತಿ. ಆಮ್ಯಾಲ ಒಂದೊಂದ ಶಬ್ದ ಬಿಡಿಸಿ ಹೇಳಿಕೊಟ್ರು. ಅವ್ವ ಅಂದದ್ದೆಲ್ಲಾ ಹಾಕ್ಕೊಂಡೆ. ಕಡೀಕ ಹೇಳಿದ್ರು, "ಸಾಕ್ಷಿಯು ಹೌದೆಂದು ನುಡಿದದ್ದನ್ನು ಬೆರಳಚ್ಚುಗಾರರು ನ್ಯಾಯಾಲಯದ ಗಮನಕ್ಕೆ ತಂದರು." ಅದನ್ನೂ ಹೊಡದು, ಹಾಳಿ ತಗದು ಕೊಟ್ಟೆ.

ಸಾಹೇಬರು ಅವತ್ತ ಪ್ರತಿಯೊಂದು ಸಾಲು ಗಟ್ಟ್ಯಾಗಿ ಓದಿದ್ರು. ಕಡೀ ಸಾಲಿಗೆ ಬಂದ್ರು: "...ಬೆರಳಚ್ಚುಗಾರರು ನ್ಯಾಯಾಲಯದ ಗಮನಕ್ಕೆ ತಂದರು ಎಂದರೆ ಸರಿಯಲ್ಲ." ಕನ್ನಡಕದ ಮ್ಯಾಲಿಂದ ನನ್ನ ನೋಡಿದ್ರು. "ಅಲ್ಲಾರೀ, ತಂದಿರೋ ಇಲ್ಲವೋ?"

"ತಂದೇನ್ರಿ ಸಾಹೇಬ್ರ! ಬೆರಳಿನ ತಪ್ಪರಿ!"

ಇಡೀ ಹಾಲು ನಕ್ಕಿತು. ಸಾಹೇಬರು ನಕ್ಕರು, ಸರ್ಕಾರಿ ವಕೀಲರು ನಕ್ಕರು, ಕಟಕಟ್ಯಾಗ ಹಮಾಲ ಕಣ್ಣೊರಸ್ಕೋತ ನಕ್ಕ. ಪರವಾನಗಿ ಇಲ್ಲದ ಕೋರ್ಟಿನ್ಯಾಗ ನಾನೂ ನಕ್ಕೆ.

ಮುಂದ ಒಂದು ತಿಂಗಳಿಗೆ ತೀರ್ಪು ಬಂತು, ಹಮಾಲ ಬಿಡುಗಡೆ ಆದ. ಮರುದಿನ ನನ್ನ ಹುಡಿಕ್ಕೊಂಡು ಕೋರ್ಟಿನ ಗೇಟಿಗೆ ಬಂದು ಕೈ ಮುಗದ. "ಅಣ್ಣಾರ, ನಾ ಯಾರ್ಡಿಗೆ ಹೊಂಟೆ. ಈಗ ಆ ಜವಾನಗ ಹೇಳ್ರಿ, ಮೂರು ಸರ್ತಿ ಕೂಗಲಿ. ಈಗ ಖರೇನ ಇಲ್ಲ ನಾ!"

ಅವತ್ತ ಸಂಜಿಗೆ ಮನಿ ಕೀಲಿ ತಗದೆ. "ಇವತ್ತ ಏನಾತ್ರಿ?" ಅನ್ನೋರು ಇಲ್ಲ. ಸಾರಿಗಿಟ್ಟೆ, ಅನ್ನ ಮಾಡಿದೆ. ಹೇಳೂ ಮಾತು ತಲಿ ತುಂಬ ಇದ್ದವಲ್ಲ, ಉಪ್ಪು ಎರಡು ಸರ್ತಿ ಹಾಕಿದ್ದೆ ಕಾಣಸತೈತಿ. ಒಂದು ತುತ್ತು ಬಾಯಾಗ ಇಟ್ಟು, ಆಕಿ ಸೌಟು ಹಿಡಕೊಂಡು ನಿಲ್ಲತಿದ್ದ ಕಡೆ ಮಾರಿ ಮಾಡಿ, ಗಟ್ಟ್ಯಾಗಿ ಹೇಳಿದೆ:

"ಹೆಚ್ಚಾಗೇತಿ, ಮಾರಾಯ್ತಿ. ಅವತ್ತೂ ಹೆಚ್ಚಾಗಿತ್ತು."